ಮೇಲಿನ ಕೋಣೆಯ ನಲ್ಲಿ

“ಒಬ್ಬರ ಮೇಲೆ ಅನುಮಾನ ಬಂದರೆ ಕೇಳಿಬಿಡಬೇಕೋ, ಹೊಟ್ಟೆಯಲ್ಲೇ ಇಟ್ಟುಕೊಂಡು ಕಾಯಬೇಕೋ, ಅಜ್ಜಾ?” ಎಂದು ಶಿಷ್ಯ ಗುರುಸಿದ್ಧ ಕೇಳಿದ.

ಮಠದ ಅಜ್ಜನವರು ಹೀಗೆಂದೂ ಅನ್ನಲಿಲ್ಲ, ಹಾಗೆಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಯಾತ್ರೆಯ ಊರೊಂದರಲ್ಲಿ ಒಂದು ಛತ್ರ. ಅದನ್ನು ನೋಡಿಕೊಳ್ಳಲು ಒಬ್ಬ ಪಾರುಪತ್ಯಗಾರ. ಕೆಳಗೆ ಬಡವರು ಬಗ್ಗರು ಇಳಿಯುವ ಕೋಣೆಗಳು. ಮಾಳಿಗೆಯ ಮೇಲೆ ದೊಡ್ಡವರಿಗೆಂದು ಒಂದೇ ಒಂದು ಕೋಣೆ. ಅದಕ್ಕೆ ಬೇರೆ ಬಚ್ಚಲು, ಬಿಸಿನೀರು, ನೆತ್ತಿಯ ಮೇಲೆ ಸುರಿಯುವ ಶವರು. ದೊಡ್ಡವರು ಬಂದರೆ ಬೀಗ ತೆಗೆಯುವುದು, ಹೋದರೆ ಹಾಕುವುದು. ತಿಂಗಳುಗಟ್ಟಲೆ ಖಾಲಿ ಬಿದ್ದರೂ ಪಾರುಪತ್ಯಗಾರ ಬೇರೆಯವರನ್ನು ಒಳಗೆ ಬಿಡುತ್ತಿರಲಿಲ್ಲ.

ಆ ವರ್ಷ ಮೇಲೆ ಇಳಿದುಹೋದ ಇಬ್ಬರು, ತಮ್ಮ ಊರು ಸೇರಿ ವಾರದೊಳಗೆ ಜ್ವರ, ಕೆಮ್ಮು ಎಂದು ಹಾಸಿಗೆ ಹಿಡಿದರು. ಮೂರನೆಯವರು ಸತ್ತು ಬದುಕಿದರು. ಕೆಳಗಿನವರಿಗೆ ಒಂದು ಸೀನೂ ಇಲ್ಲ. ಪಾರುಪತ್ಯಗಾರನ ತಲೆಗೆ ಹುಳ ಹೊಕ್ಕಿತು. ಅಡುಗೆಯ ಚಿನ್ನವ್ವ ಮೇಲಿನವರಿಗೆ ಮಾತ್ರ ಬೇರೆ ಹಾಲು ಕಾಯಿಸಿ ಒಯ್ಯುತ್ತಾಳೆ. ಕೆಮ್ಮಿ ಕೆಮ್ಮಿ ಸವೆಯುವುದೆಂದರೆ ಯಾರೋ ಹಾಲಿನಲ್ಲಿ ಕೈಮದ್ದು ಇಕ್ಕಿದ್ದಲ್ಲದೆ ಮತ್ತೇನು?

ಗಂಡ ಸತ್ತ ಮೇಲೆ ಹನ್ನೊಂದು ವರ್ಷ ಆ ಒಲೆಯೇ ಅವಳ ಅನ್ನ, ಆ ಅಡುಗೆಮನೆಯೇ ಅವಳ ಮನೆ. ಕೇಳಿದರೆ ಹುಷಾರಾಗಿಬಿಡುತ್ತಾಳೆ ಎಂದು ಅವನು ಕೇಳಲಿಲ್ಲ. ಮಾತು ಬಿಟ್ಟ. ಅವಳು ಹಿಟ್ಟು ನಾದಿದರೆ ಕೈ ನೋಡಿದ, ಉಪ್ಪು ಹಾಕಿದರೆ ಡಬ್ಬಿ ಮೂಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾಳೇನೋ ನೋಡೋಣವೆಂದು ಒಂದು ದಿನ ಪಂಕ್ತಿಯಲ್ಲಿ ಕೂತು ಕೈಮದ್ದಿನ ಮಾತು ತೆಗೆದ. ಚಿನ್ನವ್ವ ಸಾರು ಬಡಿಸುತ್ತ ನಕ್ಕಳು.

“ಇನ್ನೂರು ರೊಟ್ಟಿ ಬಡಿಯೋ ಕೈಗೆ ಮದ್ದು ಅರೆಯೋಕೆ ಪುರುಸೊತ್ತೆಲ್ಲಿದೆ, ಅಣ್ಣಾ?”

ನಕ್ಕಳಲ್ಲ, ಅದೇ ಗುರುತು ಎಂದುಕೊಂಡ. ಅತ್ತಿದ್ದರೂ ಅದನ್ನೇ ಅಂದುಕೊಳ್ಳುತ್ತಿದ್ದ.

ಮರುದಿನ ಅವಳನ್ನು ಕೆಲಸದಿಂದ ಬಿಡಿಸಿದ. ಕಾರಣ ಹೇಳಲಿಲ್ಲ. ಅವನು ಹೇಳದ್ದನ್ನು ಊರು ಹೇಳಿತು. ಮದ್ದು ಹಾಕುವವಳೆಂದು ಯಾರೂ ಅವಳನ್ನು ಒಲೆಯ ಹತ್ತಿರ ಸೇರಿಸಲಿಲ್ಲ. ಅವಳು ಪಕ್ಕದ ಹಳ್ಳಿಯ ತಮ್ಮನ ಮನೆ ಸೇರಿ, ಅವನ ಎಮ್ಮೆಗೆ ಹುಲ್ಲು ಹಾಕಿಕೊಂಡಿದ್ದಳು.

ಪೀಡೆ ಕಳೆಯಿತು ಎಂದು ಪಾರುಪತ್ಯಗಾರ ನಿಟ್ಟುಸಿರುಬಿಟ್ಟ. ಕೋಣೆಯಲ್ಲಿ ದೋಷವಿಲ್ಲವೆಂದು ಜನಕ್ಕೆ ತೋರಿಸಲು ತಾನೇ ಮೂರು ದಿನ ಮೇಲೆ ಮಲಗಿದ. ಊಟ ಮನೆಯಿಂದಲೇ ತರಿಸಿದ. ದಿನಾ ಶವರಿನ ಕೆಳಗೆ ನಿಂತು ಹಾಯಾಗಿ ಮಿಂದ. ಆರನೆಯ ದಿನ ಮೈ ಕಾದ ಹಂಚಾಯಿತು. ಎದೆ ಕಿತ್ತುಬರುವ ಕೆಮ್ಮು. ಚಿನ್ನವ್ವನ ಕೈಯ ಒಂದು ಹನಿ ಹಾಲೂ ಅವನ ಹೊಟ್ಟೆಗೆ ಹೋಗಿರಲಿಲ್ಲ.

ಇದು ಉಂಡದ್ದರಿಂದ ಬಂದದ್ದಲ್ಲ, ನೀರಿನ ಸಣ್ಣ ಹನಿಗಳಲ್ಲಿ ಸೇರಿ ಉಸಿರಿನೊಡನೆ ಒಳಗೆ ಹೋದದ್ದು ಎಂದ ಡಾಕ್ಟರು, ಎಲ್ಲಿ ಸ್ನಾನ ಮಾಡಿದಿರಿ ಎಂದು ಕೇಳಿದರು. ಪ್ಲಂಬರು ಬಂದು ಶವರು ಬಿಚ್ಚಿ ಕೊಳವೆಗೆ ತಂತಿ ತೂರಿಸಿ ಎಳೆದ. ತಂತಿಯ ತುದಿಗೆ ಸಿಂಬಳದಂಥ ಕಂದು ಲೋಳೆ. ಕೆಳಗಿನ ಕೊಳವೆಯಲ್ಲಿ ನೀರು ದಿನಾ ಓಡುತ್ತದೆ, ಇಲ್ಲಿ ಬೀಗ ಹಾಕಿದಷ್ಟು ಕಾಲವೂ ಬೆಚ್ಚಗೆ ನಿಂತಿರುತ್ತದೆ, ನಿಂತಲ್ಲಿ ಲೋಳೆ ಕಟ್ಟಿ ಅದರೊಳಗೆ ರೋಗ ಮರಿಹಾಕುತ್ತದೆ, ಬರೀ ಟ್ಯಾಂಕು ತೊಳೆದರೆ ಇದು ಹೋಗುವುದಿಲ್ಲ ಎಂದ.

ಪಾರುಪತ್ಯಗಾರ ಕೋಲೂರಿಕೊಂಡು ಚಿನ್ನವ್ವನ ತಮ್ಮನ ಮನೆಗೆ ಹೋದ. ನಡೆದದ್ದನ್ನೆಲ್ಲ ಹೇಳಿ ತಪ್ಪಾಯಿತು, ಮತ್ತೆ ಛತ್ರಕ್ಕೆ ಬಾ ಎಂದ. ಅವಳು ಬೆಲ್ಲ ನೀರು ತಂದಿಟ್ಟಳು.

“ಮೇಲಿನ ನಲ್ಲಿಯಲ್ಲಿ ಚೊಂಬು ತೊಳೆಯೋಕೆ ಹೋದಾಗೆಲ್ಲ ಮೊದಲ ನೀರು ಲೋಳೆ ಲೋಳೆ ಬರ್ತಿತ್ತು. ಹೇಳೋಣ ಅಂತ ಎರಡು ಸಲ ಬಂದೆ ಅಣ್ಣಾ. ನೀವು ಮುಖ ತಿರುಗಿಸಿದ್ರಿ.”

ಅವನ ಹಿಂದೆ ಅವಳು ಬರಲಿಲ್ಲ. ಅವನು ಕೊಳವೆಗಳನ್ನೆಲ್ಲ ಕೀಳಿಸಿ ಹೊಸದು ಹಾಕಿಸಿದ. ಊರಿನ ಬಾಯಿಗೆ ಏನು ಹಾಕಿಸುವುದು?

ಕತೆ ಮುಗಿಯಿತು. “ಅವನು ಅವತ್ತೇ ಕೇಳಿಬಿಡಬೇಕಿತ್ತು, ಅಜ್ಜಾ” ಎಂದ ಗುರುಸಿದ್ಧ.

ಅಜ್ಜನವರು ಅವನನ್ನೇ ನೋಡಿದರು. “ನಿನಗೆ ಅನುಮಾನ ಬಂದು ಎಷ್ಟು ದಿನವಾಯಿತು, ಮಗಾ?”