ಕಪ್ಪು ಪರದೆ ಕೇಳಿದ್ದು

ಕೃಷ್ಣೆಯ ದಂಡೆಗೆ ಒಂದು ಆಶ್ರಮ. ಒಂದು ಬೇವಿನ ಮರ, ಒಂದು ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್. ಅಷ್ಟೇ. ಇದಕ್ಕಿಂತ ಹೆಚ್ಚು ಬೇಕೆನ್ನುವವರು ಬೇರೆ ಆಶ್ರಮ ನೋಡಿಕೊಳ್ಳಬಹುದು.

ಗುರುಗಳು ಅಡವೆಪ್ಪಜ್ಜ. ಶಿಷ್ಯ ಬಸಲಿಂಗ.

ಬಸಲಿಂಗ ಹುಷಾರಿನವನು, ಅದರಲ್ಲಿ ಸುಳ್ಳಿಲ್ಲ. ಓದಿದ್ದೆಲ್ಲ ಬಾಯಿಪಾಠ, ಮಾತು ಚುರುಕು. ಹೊಳೆಯಾಚೆಯ ಊರಿನವರು ತಮ್ಮಲ್ಲೂ ಒಂದು ಶಾಖೆ ಕಟ್ಟಿ, ಅದಕ್ಕೆ ಇವನನ್ನೇ ಗುರುವಾಗಿ ಕಳಿಸಿಕೊಡಿ ಎಂದು ಕೇಳಿದ್ದರು. ಅಜ್ಜ ಹೂಂ ಅಂದಿದ್ದರು. ಬೆಳಗಾದರೆ ಹರಗೋಲು ಹತ್ತಬೇಕು.

ಹೊರಡುವ ಮುಂಚೆ ಅಜ್ಜ ಒಂದೇ ಕೆಲಸ ಹೇಳಿದ್ದರು. ಅಂಗೈಯಗಲದ ಒಂದು ಹೊರ ಡಿಸ್ಕನ್ನು ಅವನ ಕೈಗಿಟ್ಟಿದ್ದರು.

"ಹನಮಪ್ಪನ ಹಾಡು ಅಷ್ಟೂ ಇದರಾಗ ಇನ್ನೊಂದು ಪ್ರತಿ ಮಾಡಿಡು. ಆ ಪೆಟ್ಟಿಗಿಗೆ ವಯಸ್ಸಾತು. ಯಾವಾಗ ಕಣ್ಣು ಮುಚ್ಚತೈತೋ ಏನೋ."

"ಆತ್ರಿ ಅಜ್ಜಾರ."

ಹನಮಪ್ಪ ಯಾರು ಅಂತ ಈಗಲೇ ಹೇಳಿಬಿಡುತ್ತೇನೆ. ತತ್ವಪದ ಹಾಡುತ್ತಿದ್ದವ. ಹೆಂಡತಿ ತಾಯವ್ವ ಹುಟ್ಟುಕುರುಡಿ. ಅವನು ಒಂದು ಸಾಲು ಎತ್ತಿದರೆ ಮುಂದಿನ ಸಾಲು ಇವಳದು. ಹೋದ ವರ್ಷ ಹನಮಪ್ಪ ತೀರಿಕೊಂಡ.

ಅವನ ಹಾಡು ಕಂಪ್ಯೂಟರಿಗೆ ತುಂಬಿಸಿಕೊಂಡ ದಿನ ತಾಯವ್ವನಿಗೆ ನೆಗಡಿ ಬಂದು ದನಿ ಬಿದ್ದಿತ್ತು. ಹನಮಪ್ಪ ಒಬ್ಬನೇ ಹಾಡಿದ. ಅವಳ ಸಾಲು ಬಂದಲ್ಲೆಲ್ಲ ಅಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮುಂದುವರಿದ.

ಈಗ ದಿನಾ ಸಂಜೆ ತಾಯವ್ವ ಕೋಲೂರಿಕೊಂಡು ಬಂದು ಪಡಸಾಲೆಯಲ್ಲಿ ಕೂರುತ್ತಾಳೆ. ಬಸಲಿಂಗ ಹಾಡು ಹಚ್ಚುತ್ತಾನೆ. ಗಂಡ ಒಂದು ಸಾಲು, ಇವಳು ಒಂದು ಸಾಲು. ಅವನ ಮುಖ ಎಂದೂ ಕಂಡವಳಲ್ಲ. ಗಂಡ ಅಂದರೆ ಅವಳಿಗೆ ಆ ದನಿಯೇ. ಆ ದನಿ ಆ ಪೆಟ್ಟಿಗೆಯೊಳಗೆ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಬಸಲಿಂಗನಿಗೆ ಡಿಸ್ಕು ಕೈಗೆ ಬಂದದ್ದೇ ತಡ, ಬೇರೆ ಯೋಚನೆ ಹೊಳೆಯಿತು. ಪ್ರತಿ ಮಾಡುವುದೇನು ಮಹಾ, ಆಮೇಲೆ ಮಾಡಿದರಾಯಿತು. ಮೊದಲು ಇದರೊಳಗೆ ಒಂದು ಹೊಸ ಆಪರೇಟಿಂಗ್ ಸಿಸ್ಟಮ್ಮನ್ನೇ ಕೂರಿಸಿಬಿಟ್ಟರೆ? ಯಾವ ಊರಿಗೆ ಹೋಗಲಿ, ಯಾರ ಕಂಪ್ಯೂಟರಿಗೆ ಚುಚ್ಚಲಿ, ತನ್ನದೇ ಮನೆ ತೆರೆದುಕೊಳ್ಳುತ್ತದೆ. ಯಾರ ಹಂಗೂ ಬೇಡ.

ಪೆನ್‌ಡ್ರೈವಿನಲ್ಲಿ ಹೊಸ ಸಿಸ್ಟಮ್ ತಂದಿಟ್ಟುಕೊಂಡಿದ್ದ. ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ಇನ್‌ಸ್ಟಾಲ್ ಮಾಡಲು ಕೂತ.

ಮೊದಲಿಗೆ ಡಿಸ್ಕೇ ಕಾಣಲಿಲ್ಲ. ಮುಂದಿನ ತೂತಿನಿಂದ ಕಿತ್ತು ಹಿಂದಿನ ತೂತಿಗೆ ಚುಚ್ಚಿದ, ಕಂಡಿತು. ಆಮೇಲೆ, ಬಾಲದಲ್ಲಿ ಎರಡು ಸೊನ್ನೆಯಿದ್ದ ಅದರ ಉದ್ದ ಹೆಸರು ಹೇಳಿ, ಈ ಡಿಸ್ಕು ಬಳಕೆಯಲ್ಲಿದೆ, ಅಳಿಸಲಾಗದು ಎಂದಿತು. ಮತ್ತೆ ಇನ್ನೇನೋ ಎಂದಿತು. ಅಂದಾಗಲೆಲ್ಲ ಟಣ್ ಅನ್ನುತ್ತಿತ್ತು.

ಅಂಗಳದಲ್ಲಿ ಕೂತು ನಶ್ಯ ಏರಿಸುತ್ತಿದ್ದ ಅಜ್ಜ ತಿರುಗಿ ನೋಡಿದರು.

"ಏನಲೇ ಅದು ಟಣ್ ಟಣ್ ಅನ್ನಾಕತ್ತೈತಿ?"

"ಎರರ್ ರೀ ಅಜ್ಜಾರ."

"ಏನಂತೈತಿ?"

"ಏನೋ ಅಂತೈತ್ರಿ. 'ಸರಿ' ಅಂತ ಒತ್ತಿದ್ರ ಹೋಗತೈತಿ."

"ಓದೀಯೇನು?"

"ಇಂಥಾವು ಬರತಾವ್ರಿ. ಎಲ್ಲಾ ಓದಕೋತ ಕುಂತ್ರ ಕೆಲಸ ಆದಂಗ!"

ಅಜ್ಜ ಇನ್ನೊಂದು ಚಿಟಿಕೆ ಏರಿಸಿ ಜೋರಾಗಿ ಸೀನಿದರು.

ಕೊನೆಗೆ ಒಂದು ಪ್ರಶ್ನೆ ಬಂತು. ಕಂಪ್ಯೂಟರ್ ಹಚ್ಚಿದಾಗ ಎಲ್ಲಕ್ಕಿಂತ ಮೊದಲು ತಾನು ಎದ್ದು, ಉಳಿದದ್ದನ್ನು ಎಬ್ಬಿಸುವ ಒಂದು ಸಣ್ಣ ತುಣುಕು ಇರುತ್ತದೆ. ಅದನ್ನು ಎಲ್ಲಿಡಲಿ ಎಂದು ಕೇಳಿತು. ಎರಡು ಹೆಸರು ತೋರಿಸಿತು, ಒಂದು ಒಳಗಿನ ಡಿಸ್ಕಿನದು, ಒಂದು ಹೊರಗಿನದು. ಎರಡೂ ಮಾರುದ್ದ. ಬಸಲಿಂಗ ಬೇಸತ್ತು ಮೇಲಿನದನ್ನು ಒತ್ತಿದ.

ಮುಗಿಯಿತು ಎಂದು ಬಂತು. ಡಿಸ್ಕನ್ನೂ ಪೆನ್‌ಡ್ರೈವನ್ನೂ ಕಿತ್ತು ಕಿಸೆಗೆ ಹಾಕಿಕೊಂಡು, ಎದೆಯುಬ್ಬಿಸಿಕೊಂಡು ಊಟಕ್ಕೆ ಹೋದ. ಉಂಡವನು ಒಂದು ಸಣ್ಣ ನಿದ್ದೆಯನ್ನೂ ಹೊಡೆದ.

ಸಂಜೆ ಬಂದು ಕಂಪ್ಯೂಟರ್ ಹಚ್ಚಿದರೆ ಪರದೆ ಕಪ್ಪು.

ಮೇಲ್ಗಡೆ ಒಂದು ಬಿಳಿ ಸಾಲು, ಅದರ ಕೆಳಗೆ ಮಿಣುಕುವ ಒಂದು ಗೆರೆ. ಬೇರೇನೂ ಇಲ್ಲ.

ಆರಿಸಿದ. ಹಚ್ಚಿದ. ಕಪ್ಪು. ಮತ್ತೆ ಆರಿಸಿ ಹಚ್ಚಿದ. ಕಪ್ಪು.

ಅಯ್ಯೋ ದೇವರೇ, ಒಳಗಿನ ಡಿಸ್ಕನ್ನೇ ಅಳಿಸಿಬಿಟ್ಟೆನೇ!

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದು. ತಾಯವ್ವ.

ಅವನ ಬುದ್ಧಿ ಎಲ್ಲೆಲ್ಲೋ ಓಡಿತು. ಹೋದದ್ದಂತೂ ಹೋಯಿತು. ಒಳಗಿನ ಡಿಸ್ಕಿಗೆ ಹೊಸ ಸಿಸ್ಟಮ್ ಹಾಕಿಬಿಟ್ಟರೆ ಪರದೆಯಾದರೂ ಹೊತ್ತಿಕೊಳ್ಳುತ್ತದೆ. ಹಾಡು ತಾನಾಗಿಯೇ ಕೆಟ್ಟುಹೋಗಿತ್ತು ಅಂದರಾಯಿತು. ಪೆನ್‌ಡ್ರೈವ್ ತೆಗೆದು ಚುಚ್ಚಿದ. ಅದರಿಂದಲೇ ಕಂಪ್ಯೂಟರ್ ಹಚ್ಚಿದ.

"ಯಾಕೋ ಬಸಲಿಂಗ, ಇವತ್ತ ಹಾಡಿಲ್ಲೇನು?" ತಾಯವ್ವ ತನ್ನ ಕಂಬಕ್ಕೆ ಒರಗಿ ಕೂತಳು.

"ಕರೆಂಟ್ ಇಲ್ಲವ್ವಾ."

"ಫ್ಯಾನ್ ತಿರಗಾಕತ್ತೈತಲ್ಲೋ."

ಪರದೆಯ ಮೇಲೆ ಪ್ರಶ್ನೆ ಬಂದಿತ್ತು. ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಸಲೇ? ಬೆರಳು ಗುಂಡಿಯ ಮೇಲಿತ್ತು.

"ತಡಿ."

ಹಿಂದೆ ಅಜ್ಜ ನಿಂತಿದ್ದರು.

"ಏನ್ ಮಾಡಾಕತ್ತೀ? ಮಾರಿ ಯಾಕ ಬೂದಿ ಬಡಕೊಂಡಂಗ ಆಗೈತಿ?"

ಸುಳ್ಳು ಬಾಯಿಗೆ ಬರಲಿಲ್ಲ. "ಅಜ್ಜಾರ... ಹನಮಪ್ಪನ ಹಾಡು ಹೋದ್ವು ರೀ. ನಾ ಅಳಿಸಿಬಿಟ್ಟೆ."

"ಪ್ರತಿ?"

"ಮಾಡಿಲ್ರಿ. ಆಮ್ಯಾಲೆ ಮಾಡೋಣಂತ..."

ಅಜ್ಜ ನಗುತ್ತಾರೆ ಅಂದುಕೊಂಡಿದ್ದ. ಇದ್ದದ್ದೆಲ್ಲ ಒಂದು ದಿನ ಹೋಗೂದೇ ತಮ್ಮಾ ಅಂತಾರೆ ಅಂದುಕೊಂಡಿದ್ದ. ಗುರುಗಳಲ್ಲವೇ.

ಅಜ್ಜನ ಮುಖದ ರಕ್ತವೇ ಇಳಿದುಹೋಯಿತು. ಗೋಡೆ ಹಿಡಿದುಕೊಂಡರು.

"ಅಕಿಗೆ ಏನ್ ಹೇಳೂಣೋ?" ಎಂದರು. ಕಣ್ಣಲ್ಲಿ ನೀರು.

ಅಜ್ಜ ಅತ್ತದ್ದನ್ನು ಬಸಲಿಂಗ ಅದುವರೆಗೂ ಕಂಡಿರಲಿಲ್ಲ. ಭೂಮಿ ಬಾಯ್ಬಿಟ್ಟರೆ ಸಾಕು ಅನಿಸಿತು.

ಹೇಳುವುದೇನೂ ಉಳಿದಿರಲಿಲ್ಲ. ಅಲ್ಲೇ ಕೂತಿದ್ದ ತಾಯವ್ವ ಎಲ್ಲಾ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ, ಕೂಗಲಿಲ್ಲ. ದನಿ ಬಂದ ಕಡೆಗೆ ಮುಖ ತಿರುಗಿಸಿ ಕೇಳಿದಳು.

"ಮತ್ತೊಮ್ಮಿ ಸತ್ತನೇನು?"

ಬಸಲಿಂಗನ ಕೈ ಸುಮ್ಮನಿರಲಿಲ್ಲ. "ಏನರೆ ಮಾಡ್ತೀನಿ, ಏನರೆ ಒತ್ತಿ ನೋಡ್ತೀನಿ" ಎನ್ನುತ್ತ ಮತ್ತೆ ಗುಂಡಿಗಳ ಕಡೆಗೆ ಹೋಯಿತು.

"ಒತ್ತಿದ್ರ ಏನಾಗತೈತಿ?" ಅಜ್ಜ ಕೇಳಿದರು.

"ಹೊಸಾದು ಕುಂದರತೈತ್ರಿ. ಒಳಗ ಏನರೆ ಉಳದಿದ್ರ ಅದೂ ಹೋಗತೈತಿ."

"ಉಳದಿಲ್ಲಂತ ನೋಡೀಯೇನು?"

ಅಜ್ಜ ಹೆಗಲ ಮೇಲಿನ ವಸ್ತ್ರ ತೆಗೆದರು. ಅವನ ಎರಡೂ ಕೈ ಜೋಡಿಸಿ, ಹೋರಿಯ ಕಾಲು ಕಟ್ಟಿದ ಹಾಗೆ ಬಿಗಿಯಾಗಿ ಕಟ್ಟಿಬಿಟ್ಟರು.

"ಅಜ್ಜಾರ, ಏನ್ರಿ ಇದು!"

"ಬಾಯಿ ಐತಿ, ಕಣ್ಣು ಐತಿ. ಸದ್ಯಕ್ಕ ಅಷ್ಟು ಸಾಕು. ಇದನ್ನ ಆರಸೂದು ಎಲ್ಲಿ?"

ಅಜ್ಜನೇ ಆರಿಸಿದರು. ಅಜ್ಜನೇ ಪೆನ್‌ಡ್ರೈವ್ ಕಿತ್ತರು. ಅಜ್ಜನೇ ಹಚ್ಚಿದರು. ಪರದೆ ಮತ್ತೆ ಕಪ್ಪಾಯಿತು. ಮೇಲೆ ಅದೇ ಬಿಳಿ ಸಾಲು.

"ಓದು."

"ಎರರ್ ಅಂತೈತ್ರಿ."

"ಮುಂದ?"

"ಮುಂದ ಏನೋ ಉದ್ದಕ ಐತ್ರಿ."

"ಏನೋ ಅಂದ್ರ ನಿನ್ನ ಬಾಯಿನೂ ಕಟ್ಟಬೇಕಾಗತೈತಿ. ನನಗ ಇಂಗ್ಲೀಷ್ ಬರೂದಿಲ್ಲ. ನೀ ಓದಿದ್ರ ಉಂಟು, ಇಲ್ಲಂದ್ರ ಇಲ್ಲ."

ಗುಂಡಿ ಒತ್ತಲು ಕೈಯಿಲ್ಲ. ಬೇರೆ ದಾರಿಯೇ ಇಲ್ಲದೆ ಬಸಲಿಂಗ ಬೆಳಗಿನಿಂದ ಮೊದಲ ಸಲ ಒಂದು ಸಾಲನ್ನು ಪೂರ್ತಿ ಓದಿದ.

"'ಅಂಥಾ ಡಿಸ್ಕು ಇಲ್ಲ' ಅಂತೈತ್ರಿ. ಅಂದ್ರ ಒಳಗಿನ ಡಿಸ್ಕು ಹೋತು. ನಾ ಹೇಳಲಿಲ್ಲೇನ್ರಿ!"

ಅಜ್ಜ ಕೈಯಲ್ಲಿದ್ದ ಪೆನ್‌ಡ್ರೈವನ್ನು ತಿರುಗಿಸಿ ನೋಡಿದರು.

"ಒಳಗಿಂದು ಹೋಗೈತಿ. ಹೊರಗಿಂದು ಕಿತ್ತೀದಿ. ಪೆನ್‌ಡ್ರೈವ್ ನನ್ನ ಕೈಯಾಗೈತಿ. ಹೌದಿಲ್ಲೋ?"

"ಹೌದ್ರಿ."

"ಮತ್ತ ಈಗ ಮಾತಾಡಾಕತ್ತಾಂವ ಯಾಂವಲೇ?"

ಬಸಲಿಂಗ ಮತ್ತೆ ಪರದೆಯತ್ತ ಬಾಗಿದ. ಹೌದಲ್ಲ! ಒಳಗಿನದು ಬರಿದಾಗಿದ್ದರೆ ಈ ಸಾಲನ್ನು ಬರೆದವರು ಯಾರು?

"ಎಂಥಾ ಡಿಸ್ಕು ಇಲ್ಲಂತ? ಹೆಸರು ಹೇಳೈತೇನು?"

"ಹೇಳೈತ್ರಿ. ಉದ್ದಾನ ಹೆಸರು." ಒಂದೊಂದೇ ಅಕ್ಷರ ಓದಿದ. ಕೊನೆಗೆ ಬಂದಾಗ ದನಿ ಸಣ್ಣಗಾಯಿತು. ಬಾಲದಲ್ಲಿ ಎರಡು ಸೊನ್ನೆ. ಬೆಳಿಗ್ಗೆ ಪರದೆಯ ಮೇಲೆ ಬಂದು ಬಂದು ಹೋಗುತ್ತಿದ್ದ ಹೆಸರು, ಓದದೆ 'ಸರಿ' ಒತ್ತಿ ಓಡಿಸಿದ್ದ ಹೆಸರು.

"ಅಜ್ಜಾರ... ಇದು ಹೊರಗಿನ ಡಿಸ್ಕಿನ ಹೆಸರು ರೀ."

"ಎಲ್ಲೈತಿ ಅದು?"

"ನನ್ನ ಕಿಸೇದಾಗ."

ಎಬ್ಬಿಸುವ ತುಣುಕನ್ನು ಅವನು ಒಳಗಿನ ಡಿಸ್ಕಿನಲ್ಲಿ ಇಟ್ಟಿದ್ದ. ಅದು ಎದ್ದು, ಮುಂದೇನು ಎಂದು ಹೊರಗಿನ ಡಿಸ್ಕನ್ನು ಕೇಳುತ್ತಿತ್ತು. ಆ ಡಿಸ್ಕೋ ಅವನ ಕಿಸೆಯಲ್ಲಿ ಊಟ ಮಾಡಿಕೊಂಡು, ನಿದ್ದೆ ಮಾಡಿಕೊಂಡು ತಿರುಗುತ್ತಿತ್ತು. ಅಳಿದದ್ದು ಏನೂ ಇಲ್ಲ.

ಮೊದಲು ಎದ್ದವಳು ತಾಯವ್ವ. ತಡಕಾಡಿಕೊಂಡು ಬಂದು, ಅವನ ಕಿಸೆಗೆ ಕೈ ಹಾಕಿ ಡಿಸ್ಕನ್ನು ತೆಗೆದಳು. "ಎಲ್ಲಿ ಚುಚ್ಚೂದೋ?" ಎಂದಳು. ಅವನು ಹೇಳಿದ, ಅವಳು ಪೆಟ್ಟಿಗೆಯ ಬೆನ್ನು ಸವರಿ ತೂತು ಹುಡುಕಿ ಚುಚ್ಚಿದಳು. ಅಜ್ಜ ಆರಿಸಿ ಹಚ್ಚಿದರು.

ಈ ಸಲ ಎರಡು ಸಿಸ್ಟಮ್ಮುಗಳ ಹೆಸರು ಬಂದವು, ಯಾವುದು ಬೇಕು ಎಂದು. ಬಸಲಿಂಗ ಎರಡನ್ನೂ ಗಟ್ಟಿಯಾಗಿ ಓದಿದ.

"ಕೆಳಗಿಂದು ರೀ. ಅದು ನಮ್ಮ ಹಳೇದು."

ಅವನು ಹೇಳಿದಂತೆ ಅಜ್ಜ ಒಂದೊಂದೇ ಒತ್ತಿದರು. ಪರದೆ ಹೊತ್ತಿಕೊಂಡಿತು. ಹಾಡುಗಳೆಲ್ಲ ಇದ್ದಲ್ಲೇ ಇದ್ದವು.

ಹನಮಪ್ಪನ ದನಿ ಪಡಸಾಲೆ ತುಂಬಿತು. ಒಂದು ಸಾಲು ಮುಗಿಯಿತು. ತಾಯವ್ವನ ಸಾಲಿನ ಜಾಗ ಬಂತು. ತಾಯವ್ವ ಹಾಡಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆ ಜಾಗ ಹಾಗೇ ಖಾಲಿ ಹೋಯಿತು. ಹನಮಪ್ಪ ಮುಂದಿನ ಸಾಲು ಹಾಡಿ ಮತ್ತೆ ಸುಮ್ಮನಾದ. ಆಗ ಅವಳು ಎತ್ತಿಕೊಂಡಳು.

ಹಾಡು ಮುಗಿಯುವವರೆಗೂ ಅಜ್ಜ ಅವನ ಕೈ ಬಿಚ್ಚಲಿಲ್ಲ. ಬಿಚ್ಚಿದ ಮೇಲೆ ಅವನು ಮಾಡಿದ ಮೊದಲ ಕೆಲಸ ಪ್ರತಿ. ಅದಾದ ಮೇಲೆ ಜೀವ ಬಂದವನಂತೆ ಹೇಳಿದ.

"ಇನ್ನ ಚಿಂತಿಲ್ರಿ ಅಜ್ಜಾರ. ಈ ಡಿಸ್ಕು ಇದ್ರ ಎದ್ದ ಏಳತೈತಿ. ನಾ ದಿನಾ ಸಂಜಿಕ ಹರಗೋಲಿನಾಗ ಬಂದು, ಚುಚ್ಚಿ, ಹಾಡು ಹಚ್ಚಿ ಹೋಗ್ತೀನ್ರಿ. ನನ್ನ ಬಿಟ್ರ ಇದು ಯಾರ ಮಾತೂ ಕೇಳೂದಿಲ್ಲ."

ಕೊನೆಯ ಮಾತಿನಲ್ಲಿ ಸ್ವಲ್ಪ ಖುಷಿಯೂ ಇತ್ತು. ಅಜ್ಜನ ಕಿವಿ ಚುರುಕು.

ಅಜ್ಜ ಕಂಪ್ಯೂಟರ್ ಆರಿಸಿ, ಡಿಸ್ಕು ಕಿತ್ತು, ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಎಬ್ಬಿಸು."

"ಡಿಸ್ಕು ಕೊಡ್ರಿ."

"ಅದಿಲ್ಲದ ಏಳೂವಂಗ ಮಾಡು. ಅಲ್ಲೀತನಕಾ ನೀ ಎಲ್ಲೀಗೂ ಹೋಗಂಗಿಲ್ಲ."

ಬಸಲಿಂಗ ಮತ್ತೆ ಕೂತ. ಪೆನ್‌ಡ್ರೈವಿನಿಂದ ಹಚ್ಚಿ, ಒಳಗಿನ ಡಿಸ್ಕಿಗೆ ಅದರದ್ದೇ ಎಬ್ಬಿಸುವ ತುಣುಕು ಬರೆದ. ಬಂದ ಎರರ್‌ಗಳನ್ನೆಲ್ಲ ಗಟ್ಟಿಯಾಗಿ ಓದಿದ, 'ಸರಿ' ಒತ್ತುವ ಮುಂಚೆ ಅಜ್ಜನ ಮುಖ ನೋಡಿದ. ಅಜ್ಜ ತಲೆಯಾಡಿಸುತ್ತ ಹೋದರು, ಒಂದಕ್ಷರ ತಿಳಿಯದಿದ್ದರೂ. ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆ ತಾನೇ ಎದ್ದಿತು, ಯಾರ ಕಿಸೆಯನ್ನೂ ಕೇಳದೆ.

ಬೆಳಿಗ್ಗೆ ಹರಗೋಲು ದಂಡೆಗೆ ಬಂತು. ಡಿಸ್ಕಿನ ಹೊಸ ಸಿಸ್ಟಮ್ಮನ್ನು ತೆಗೆದು, ಹಾಡಷ್ಟೇ ಉಳಿಸಿ, ಬಸಲಿಂಗ ಅದನ್ನು ಆಗಲೇ ತಾಯವ್ವನ ಕೈಗೆ ಕೊಟ್ಟಿದ್ದ. ಅಜ್ಜ ಹೊಳೆಯವರೆಗೂ ಬಂದಿದ್ದರು.

ಒಂದು ಕಾಲು ಹರಗೋಲಿನಲ್ಲಿಟ್ಟವನು ತಟ್ಟನೆ ತಿರುಗಿ ಬಂದು ಅಜ್ಜನ ಪಾದ ಹಿಡಿದುಕೊಂಡ. ಮುಖ ಮತ್ತೆ ನಿನ್ನೆ ಸಂಜೆಯಂತೆ ಬೂದಿಯಾಗಿತ್ತು.

"ನಾ ಒಲ್ಲೆ ರೀ ಅಜ್ಜಾರ. ಒಂದು ಸಾಲು ಓದಾಕ ನೀವು ಕೈ ಕಟ್ಟಬೇಕಾತು. ಅಲ್ಲಿ ಮಂದಿ ಬಂದು ಏನರೆ ಕೇಳಿದ್ರ? ನನಗ ತಿಳೀಲಿಲ್ಲಂದ್ರ? ನೀವು ಬಾಜೂಕಿಲ್ಲದ ನನ್ನ ಕೈಲೆ ಏನೂ ಆಗೂದಿಲ್ರಿ."

ಅಜ್ಜ ನಿಜಕ್ಕೂ ಬೆಚ್ಚಿಬಿದ್ದರು. ಅವನ ರಟ್ಟೆ ಹಿಡಿದು ಎಬ್ಬಿಸಿ, ಮುಖವನ್ನೇ ನೋಡಿದರು.

"ನಿನ್ನೆ ಆ ಪೆಟ್ಟಿಗಿ ನಿನ್ನ ಕಿಸೇದಾಗಿಂದು ಬೇಕಂತ ಕರ್ರಗ ಕುಂತಿತ್ತಲ್ಲೋ. ನಾ ನಿನಗ ಹಂಗ ಕಲಿಸೀನೇನು?"