ಹೊಸ ಗೋಣಿಚೀಲದ ಉದ್ಯೋಗ

ಕರಾರು ಇಷ್ಟೇ: ಸಂಜೆ ಅಂಗಡಿ ಬಾಗಿಲು ಹಾಕುವುದರೊಳಗೆ ಯಾವುದಾದರೊಂದು ಸರಕನ್ನು ಒಪ್ಪಿಕೊಂಡರೆ ಹೊಸ ಗೋಣಿಚೀಲಕ್ಕೆ ಕೆಲಸ ಖಾಯಂ, ಇಲ್ಲದಿದ್ದರೆ ಬಾಗಿಲಲ್ಲಿ ಕಾಲೊರಸಾಗಿ ಬಿದ್ದಿರಬೇಕು. ಚೀಲವೋ, ನೇಯ್ಗೆ ಹೊಲಿಗೆ ಎರಡರಲ್ಲೂ ಪಾಸಾಗಿ ಗಿರಣಿಯಿಂದ ಆಗತಾನೇ ಬಂದಿತ್ತು.

“ಏನಯ್ಯಾ, ಅಕ್ಕಿ ತುಂಬಲೇ?” ಎಂದು ಅಂಗಡಿಯಲ್ಲಿ ಕೆಲಸ ಹಂಚುವ ತಕ್ಕಡಿ ಕೇಳಿತು.

“ಎಲ್ಲರೂ ಅದನ್ನೇ ಹೊರುತ್ತಾರಲ್ಲ, ಯಜಮಾನರೇ.”

“ಮೆಣಸಿನಕಾಯಿ?”

“ಒಮ್ಮೆ ಘಾಟು ಹಿಡಿದರೆ ಜನ್ಮವಿಡೀ ಬಿಡುವುದಿಲ್ಲ. ಆಮೇಲೆ ಸಕ್ಕರೆಯವರು ಹತ್ತಿರ ಸೇರಿಸುತ್ತಾರೆಯೇ?”

“ಹಾಗಾದರೆ ಸಕ್ಕರೆಯೇ ಆಗಲಿ.”

“ಇರುವೆಗಳ ಕಾಟ! ಸ್ವಲ್ಪ ಯೋಚಿಸುತ್ತೇನೆ.”

ಇದನ್ನೆಲ್ಲ ಕೇಳಿಸಿಕೊಂಡ ಇಲಿಯೊಂದು ಮೆಲ್ಲನೆ ಬಂತು. “ಅವಸರ ಮಾಡಬೇಡ ತಮ್ಮಾ, ಇದು ಬಾಳಿನ ಪ್ರಶ್ನೆ. ನೀನು ಯೋಚಿಸುತ್ತಿರು. ಅಲ್ಲಿಯವರೆಗೆ ನಾನು ಒಳಗೆ ಕೂತಿರುತ್ತೇನೆ,” ಎಂದಿತು. ತನ್ನ ಕಷ್ಟ ಅರ್ಥವಾದದ್ದು ಇವರೊಬ್ಬರಿಗೇ ಎಂದುಕೊಂಡು ಚೀಲ ಸಂತೋಷದಿಂದ ಬಾಯಿ ತೆರೆಯಿತು.

ಸಂಜೆ ತಕ್ಕಡಿ ಬಂದು ನೋಡಿದರೆ ಇಲಿ ಇಲ್ಲ. ಚೀಲದ ತಳದಲ್ಲಿ ಮುಷ್ಟಿಗಾತ್ರದ ತೂತು.

“ಅಕ್ಕಿ, ಸಕ್ಕರೆ, ಮೆಣಸಿನಕಾಯಿ ಯಾವುದೂ ಇನ್ನು ನಿನ್ನಲ್ಲಿ ನಿಲ್ಲದು,” ಎಂದು ತಕ್ಕಡಿ ಗದರಿತು. “ನಿಲ್ಲುವುದು ತೆಂಗಿನಕಾಯಿ ಮಾತ್ರ. ಹೊರುತ್ತೀಯೋ, ಬಾಗಿಲಿಗೆ ಹೋಗುತ್ತೀಯೋ?”

“ಒಂದೇ ಉಳಿದಿದೆಯೇ? ಅಬ್ಬಾ, ಬದುಕಿದೆ!” ಎಂದಿತು ಚೀಲ. “ಬೇಗ ತುಂಬಿಸಿ ಯಜಮಾನರೇ, ಮತ್ತೇನಾದರೂ ಹೊಳೆದುಬಿಟ್ಟೀತು.”

ಕೊನೆಗೆ ಗಳಿಕೆಯ ಲೆಕ್ಕ: ಚೀಲಕ್ಕೆ ಖಾಯಂ ಕೆಲಸ, ಇಲಿಯ ಮರಿಗಳಿಗೆ ಸೆಣಬಿನ ಮೆತ್ತನೆ ಹಾಸಿಗೆ, ದಿನವಿಡೀ ಮಾಡಿದ ಯೋಚನೆಗೆ ಒಂದು ತೂತು.