ಕತ್ತರಿಯಿಂದ ತಿರುಗಿಸಿದ ಸ್ಕ್ರೂ

"ಬುದ್ಧಿ, ಹಟ ಹಿಡಿದವರ ಬಾಯಿ ಬಿಡಿಸುವುದು ಹೇಗೆ?" ಎಂದು ಶಿಷ್ಯ ನಿಜಗುಣ ಕೇಳಿದ.

ಮಠದ ಜಗಲಿಯಲ್ಲಿ ಗುರುಗಳು ಬಾಳೆಹಣ್ಣು ಸುಲಿಯುತ್ತಿದ್ದರು. "ಯಾರಪ್ಪ ಆ ಹಟದವರು?"

"ನಮ್ಮ ಮನೆಯವಳು. ಯುಗಾದಿಯಿಂದ ನನ್ನ ಜೊತೆ ಮಾತಿಲ್ಲ. ಅನ್ನ ಬಡಿಸುತ್ತಾಳೆ, ನೀರು ಇಡುತ್ತಾಳೆ, ತುಟಿ ಬಿಚ್ಚುವುದಿಲ್ಲ. ಮೊದಲು ನಾನು ಬಿರುಸಾಗಿ ನಾಲ್ಕು ಮಾತು ಆಡುತ್ತಿದ್ದೆ, ಯಾವ ಗಂಡಸು ಆಡೋದಿಲ್ಲ ಹೇಳಿ? ಆಗೆಲ್ಲ ಮಾತಾಡುತ್ತಿದ್ದಳು. ಈಗ ಬೆಣ್ಣೆ ಹಾಗೆ ಮಾತಾಡಿಸುತ್ತೇನೆ, ಅದಕ್ಕೂ ಉತ್ತರವಿಲ್ಲ. ಹೀಗೇ ಆದರೆ ನನ್ನ ಸಂಸಾರ ಮುಗಿದ ಹಾಗೆಯೇ."

ಗುರುಗಳು ಹಣ್ಣನ್ನು ಪೂರ್ತಿ ತಿಂದು ಮುಗಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಯಾವ ಊರು ಎಂದು ಕೇಳಬೇಡ. ಕೇಳಿದರೆ ಬಾಯಿಗೆ ಬಂದ ಹೆಸರು ಹೇಳಿಬಿಡುತ್ತೇನೆ, ನೀನು ಬಸ್ಸು ಹತ್ತಿ ಹೋಗಿಬಿಡುತ್ತೀಯೆ. ಅವನಿಗೆ ಇದ್ದದ್ದು ಒಂದೇ ಹೊಲಿಗೆ ಮಿಷನ್. ಅದೇ ಅವನ ಅನ್ನ. ಮಿಷನ್ನಿನಲ್ಲಿ ಸೂಜಿ ಇಳಿಯುವ ಕಡೆ ಒಂದು ತಗಡು, ತಗಡಿಗೆ ಒಂದು ಸ್ಕ್ರೂ. ಕೆಳಗೆ ನೂಲಿನ ಧೂಳು ತುಂಬಿದಾಗ ಸ್ಕ್ರೂ ಬಿಚ್ಚಿ, ತಗಡು ಎತ್ತಿ ಒರೆಸಬೇಕು. ಅದಕ್ಕೆಂದೇ ಡ್ರಾಯರಿನಲ್ಲಿ ಒಂದು ಸ್ಕ್ರೂಡ್ರೈವರ್ ಇತ್ತು.

ಆದರೆ ದರ್ಜಿಯ ಕೈಯಲ್ಲಿ ಯಾವಾಗಲೂ ಇರುವುದು ಕತ್ತರಿ. ಡ್ರಾಯರ್ ಎಳೆಯಲು ಯಾರಿಗೆ ಪುರುಸೊತ್ತು? ಕತ್ತರಿಯ ತುದಿ ಇಟ್ಟು ತಿರುಗಿಸಿದ. ಸ್ಕ್ರೂ ಬಂತು. ಮುಂದಿನ ಸಲವೂ ಕತ್ತರಿ. ಆಗಲೂ ಬಂತು.

ಪಕ್ಕದ ಬಳೆ ಅಂಗಡಿಯವನು ನೋಡಿದ. "ಅಲ್ಲಯ್ಯ, ಅದರ ತಲೆ ಸವೀತಾ ಇದೆ, ಕಾಣೋದಿಲ್ವಾ?"

"ಬಂತೋ ಇಲ್ವೋ, ಅಷ್ಟು ಹೇಳು" ಎಂದ ದರ್ಜಿ.

ಬಂತು, ಸುಳ್ಳಲ್ಲ. ಆದರೆ ತಿರುಗಿಸುವಾಗಲೆಲ್ಲ ಕತ್ತರಿ ತುಸು ಜಾರುತ್ತಿತ್ತು. ಜಾರಿದಾಗಲೆಲ್ಲ ಸ್ಕ್ರೂವಿನ ತಲೆಯ ಮೇಲೆ ಸ್ಕ್ರೂಡ್ರೈವರ್ ಕೂರುವ ಗೀರು ತುಸು ಸವೆಯುತ್ತಿತ್ತು. ಸ್ಕ್ರೂ ಕೂಗುವ ವಸ್ತುವಲ್ಲ. ಬಿಚ್ಚಿದರೆ ಬಿಚ್ಚಿಕೊಂಡಿತು, ಬಿಗಿದರೆ ಬಿಗಿದುಕೊಂಡಿತು. ಒಳ್ಳೆಯ ಸ್ಕ್ರೂ ಎಂದುಕೊಂಡು ದರ್ಜಿ ಹಾಯಾಗಿದ್ದ.

ಲಗ್ನದ ಕಾಲ ಬಂತು. ಒಬ್ಬ ಮದುಮಗಳ ರವಿಕೆ ಹೊಲಿಯುತ್ತಿದ್ದಾಗ ಸೂಜಿ ಮುರಿದು, ಅದರ ಚೂರು ತಗಡಿನ ಕೆಳಗೆ ಸಿಕ್ಕಿಕೊಂಡಿತು. ಮಿಷನ್ ನಿಂತಿತು. ದರ್ಜಿ ಕತ್ತರಿ ಇಟ್ಟ, ಜಾರಿತು. ಬಲವಾಗಿ ಒತ್ತಿದ, ಇನ್ನೂ ಜಾರಿತು. ಆಗ ಅವನಿಗೆ ಡ್ರಾಯರಿನ ನೆನಪಾಯಿತು. ಸ್ಕ್ರೂಡ್ರೈವರ್ ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ಹೊಳೆಯದೆ ಏನು? ಅದನ್ನು ಬಳಸಿದ್ದರೆ ತಾನೆ! ನೆಟ್ಟಗೆ ಇಟ್ಟು ಮೆಲ್ಲಗೆ ತಿರುಗಿಸಿದ. ಸ್ಕ್ರೂಡ್ರೈವರ್ ತಿರುಗಿತು, ಸ್ಕ್ರೂ ತಿರುಗಲಿಲ್ಲ. ಎಣ್ಣೆ ಬಿಟ್ಟ. ಕಾದ. ಕೈಮುಗಿದ. ಕೊನೆಗೆ, "ಹೋಗಿ ಹೋಗಿ ಇವತ್ತೇ ನಿನಗೆ ಹಟ ಬರಬೇಕಾ?" ಎಂದು ಬೈದು, ಮಿಷನ್ ಹೊತ್ತುಕೊಂಡು ರಿಪೇರಿಯವನ ಬಳಿಗೆ ಹೋದ.

ರಿಪೇರಿಯವನು ಸ್ಕ್ರೂವಿನ ತಲೆಯ ಮೇಲೆ ಬೆರಳಾಡಿಸಿದ.

"ಬಹಳ ಹಟಮಾರಿ ಸ್ಕ್ರೂ" ಎಂದ ದರ್ಜಿ. "ಸರಿಯಾದ ಸ್ಕ್ರೂಡ್ರೈವರೇ ಹಾಕಿದೆ. ಆದರೂ ಜಪ್ಪಯ್ಯ ಅಂದರೂ ಬರ್ತಾ ಇಲ್ಲ."

"ಇದಕ್ಕೆಲ್ಲಿಯ ಹಟ ಮಾರಾಯ? ಹಿಡಿಯೋದಕ್ಕೆ ಇದರಲ್ಲಿ ಏನಾದರೂ ಉಳಿಸಿದೀಯಾ?"

ದರ್ಜಿ ಅತ್ತ ಇತ್ತ ನೋಡಿದ. "ಈಗ ಏನು ಮಾಡೋದು? ಮಿಷನ್ ನಿಂತರೆ ನನ್ನ ಮನೆಯ ಒಲೆ ನಿಲ್ಲುತ್ತೆ."

ರಿಪೇರಿಯವನು ಡ್ರಿಲ್ ತಂದು ಸ್ಕ್ರೂವಿನ ನಡುನೆತ್ತಿಗೆ ಇಟ್ಟ. ಸ್ವಲ್ಪ ಹೊತ್ತಿಗೆ ತಗಡು ಎದ್ದಿತು, ಸೂಜಿಯ ಚೂರು ಸಿಕ್ಕಿತು.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣನ ಮುಖ ಅರಳಿತು.

"ಅಂದರೆ ಬುದ್ಧಿ, ಕೊನೆಗೂ ಸ್ಕ್ರೂ ಬಂತು!"

"ಬಂತಪ್ಪ" ಎಂದರು ಗುರುಗಳು, "ಪುಡಿಯಾಗಿ."